ಅಳಿಯಂದಿರ ಶಿಕಾರಿ

ಅಮೆರಿಕಕ್ಕೆ ಹೋಗಿಬಂದವರು ನಯಾಗರಾ ಜಲಪಾತದ ಬಗೆಗೆ ಬರೆಯುವುದು ವಾಡಿಕೆ. ನಮ್ಮ ಸಂಘದ ಪತ್ರಿಕೆಯಲ್ಲೂ ಆ ನೀರು ಬೇಕಾದಷ್ಟು ಹರಿದಿದೆ. ಆದ್ದರಿಂದ ಮುಲುಂಡಿನ ಎರಡು ಕೋಣೆಗಳ ಮನೆಯಲ್ಲಿ ಮೂವತ್ತೈದು ವರ್ಷ ಸಂಸಾರ ಮಾಡಿದ ನಾವಿಬ್ಬರು ಒಂದು ಕೋಳಿಯ ವಿಷಯ ಬರೆಯಲು ಮನಸ್ಸು ಮಾಡಿದ್ದೇವೆ.

ಕೋಳಿಯೆಂದರೆ ಟರ್ಕಿ ಕೋಳಿ. ಅದು ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. ೧೬೧೨ರಲ್ಲಿ ಗೋವೆಯಿಂದ ಬಂದ ಟರ್ಕಿ ಹುಂಜವೊಂದನ್ನು ಕಂಡು ಬೆರಗಾದ ಜಹಾಂಗೀರ್ ಬಾದಶಹ, ಅದರ ತಲೆ ಗೋಸುಂಬೆಯಂತೆ ಬಣ್ಣ ಬದಲಿಸುತ್ತದೆಂದು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಟರ್ಕಿಯ ಚಿತ್ರ ಇಂದಿಗೂ ಉಳಿದಿದೆ. ಸಾಕಿದ ಟರ್ಕಿಗೆ ಮೈಭಾರವೇ ಹೆಚ್ಚು. ಕಾಡಿನದು ಹಾಗಲ್ಲ. ಎಂಟು ಹತ್ತು ಕಿಲೋ ತೂಗುವ ಹುಂಜವೂ ಸಂಜೆಯಾದೊಡನೆ ರೆಕ್ಕೆ ಬಡಿದು ಎತ್ತರದ ಮರವೇರಿ ಅಲ್ಲೇ ರಾತ್ರಿ ಕಳೆಯುತ್ತದೆ.

ನಮ್ಮ ಮಗಳು ಅಳಿಯ ಇರುವುದು ಪೆನ್ಸಿಲ್ವೇನಿಯಾದಲ್ಲಿ. ೨೦೨೪ರ ಮೇ ತಿಂಗಳಲ್ಲಿ ನಾವು ಅಲ್ಲಿದ್ದಾಗ ಅಳಿಯಂದಿರಿಗೆ ಶಿಕಾರಿ ಕಲಿಯುವ ಹುರುಪು ಹತ್ತಿತ್ತು. ತರಬೇತಿಯ ತರಗತಿ ಮುಗಿಸಿ, ಪರವಾನಗಿ ಪಡೆದು, ಪಕ್ಕದ ಮನೆಯ ಹಿರಿಯರೊಬ್ಬರನ್ನು ಗುರುವಾಗಿ ಹಿಡಿದಿದ್ದರು. ನಮ್ಮಲ್ಲೊಬ್ಬರ ಊರು ತೀರ್ಥಹಳ್ಳಿಯ ಕಡೆಯದು. ಮನೆಯಲ್ಲಿ ಕೋವಿಯಿತ್ತು, ಕಾಡುಕೋಳಿಯ ಕಥೆಗಳೂ ಇದ್ದವು. ಹೀಗಾಗಿ ಅಳಿಯಂದಿರ ಹುಚ್ಚು ನಮಗೆ ತೀರ ಅಪರಿಚಿತವಾಗಿರಲಿಲ್ಲ.

ಮಗಳಿಗೆ ಮಾತ್ರ ಸಮಾಧಾನವಿಲ್ಲ. ಅವಳ ಅಂಜಿಕೆ ಕೋಳಿಯ ಜೀವದ ವಿಚಾರವಲ್ಲ. “ಅಪ್ಪಯ್ಯ, ಬಣ್ಣ ಕಪ್ಪಗಿರುವ ಮನುಷ್ಯ ಕೋವಿ ಹಿಡಿದು ಬೆಳಗಿನ ಕತ್ತಲಲ್ಲಿ ಇನ್ನೊಬ್ಬರ ಜಮೀನಿಗೆ ಕಾಲಿಟ್ಟರೆ, ನೋಡಿದವರು ಏನೆಂದುಕೊಂಡಾರು?” ಎಂದು ಒಂದು ರಾತ್ರಿ ನಮ್ಮೆದುರು ಹೇಳಿಯೇಬಿಟ್ಟಳು. ಅಳಿಯಂದಿರು ಉತ್ತರ ಕೊಡಲಿಲ್ಲ. ಹೊರನಾಡಿನಲ್ಲಿ ಬಾಳಿದ ನಮಗೂ ಆ ಪ್ರಶ್ನೆ ಅರ್ಥವಾಯಿತು. ಮೊದಲ ವರ್ಷ ಮುಂಬಯಿಯಲ್ಲಿ ಬಾಡಿಗೆಮನೆ ಹುಡುಕಿದ್ದು ನಮಗಿನ್ನೂ ಮರೆತಿಲ್ಲ.

ಗುರುಗಳು ಮೊದಲು ಮಾಡಿದ ಕೆಲಸವೆಂದರೆ, ಹಿಂದಿನ ಸಂಜೆಯೇ ಅಳಿಯಂದಿರನ್ನು ಜಮೀನಿನ ಒಡೆಯರ ಬಳಿ ಕರೆದೊಯ್ದು ಪರಿಚಯಿಸಿದ್ದು. ಒಡೆಯರು ಹೆಚ್ಚು ಮಾತಾಡಲಿಲ್ಲ, ತಲೆಯಾಡಿಸಿದರು, ಅಷ್ಟೆ. ಅಲ್ಲಿಂದ ನಾವೆಲ್ಲ ಕಾಡಿನಂಚಿಗೆ ಹೋಗಿ ಸುಮ್ಮನೆ ನಿಂತೆವು. ಕೋವಿ ತಂದಿರಲಿಲ್ಲ, ಆ ಸಂಜೆ ಕಿವಿಗಷ್ಟೇ ಕೆಲಸ. ಹೊತ್ತು ಮುಳುಗುವಾಗ ಗುರುಗಳು ಬಾಯಿಗೆ ಕೈ ಅಡ್ಡ ಹಿಡಿದು ಗೂಬೆಯಂತೆ ಕೂಗಿದರು. ಗೂಬೆಯ ದನಿಗೆ ಹುಂಜ ತಡೆಯಲಾರದೆ ಗದರುತ್ತದಂತೆ. ದಿಣ್ಣೆಯ ಮೇಲಿನ ಓಕ್ ಮರಗಳಿಂದ ಗಳಗಳನೆ ಉತ್ತರ ಬಂತು. ಕೂತ ಮರ ಗೊತ್ತಾಯಿತು.

ಹೊಸಬರು ಎಡವುವುದು ಇಲ್ಲಿಯೇ ಎಂದರು ಗುರುಗಳು. ಮರ ತಿಳಿಯಿತೆಂದು ಅದರ ಬುಡಕ್ಕೇ ಹೋಗಿ ಕೂತರೆ ಕೆಲಸ ಕೆಟ್ಟಂತೆ. ಟರ್ಕಿಗೆ ಮೂಗು ಮಂದ, ಕಣ್ಣು ಬಲು ಚುರುಕು. ಎಲೆ ಪೂರ್ತಿ ಬಿಡದ ಕಾಡಿನಲ್ಲಿ ಮೇಲಿಂದ ಎಲ್ಲವೂ ಕಾಣುತ್ತದೆ. ಸುಮಾರು ನೂರು ಗಜ ದೂರದಲ್ಲಿ, ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಹಿಂದಿನಿಂದ ಯಾರಾದರೂ ತಪ್ಪಿ ಗುಂಡು ಹಾರಿಸಿದರೂ ಮರ ಕಾಯುತ್ತದೆ. ಕೆಂಪು, ಬಿಳಿ, ನೀಲಿ ಬಟ್ಟೆ ಕೂಡದು. ವಸಂತದಲ್ಲಿ ಹುಂಜದ ತಲೆಗೆ ಬರುವ ಬಣ್ಣಗಳು ಅವೇ! ಕೆಂಪು ಸ್ವೆಟರೊಂದು ಆ ರಾತ್ರಿಯೇ ನಮ್ಮ ಪೆಟ್ಟಿಗೆ ಸೇರಿತು. ಇನ್ನು ಅಲ್ಲಿಯ ಕಾನೂನಿನಂತೆ ವಸಂತದಲ್ಲಿ ಟರ್ಕಿಯನ್ನು ಹಿಂಬಾಲಿಸಿ ಹೊಡೆಯುವಂತಿಲ್ಲ, ಕೂಗಿ ಕರೆಯಬೇಕು. ಎದೆಯಲ್ಲಿ ಗಡ್ಡದಂಥ ಕುಚ್ಚು ಕಂಡರೆ ಮಾತ್ರ ಗುಂಡು.

ಮರುದಿನ ಕತ್ತಲಿರುವಾಗಲೇ ನಮ್ಮಿಬ್ಬರನ್ನು ಬಟ್ಟೆಯ ಸಣ್ಣ ಗುಡಾರವೊಂದರ ಮರೆಯಲ್ಲಿ ಕೂರಿಸಿ, ಕೆಮ್ಮಬಾರದೆಂದು ತಾಕೀತು ಮಾಡಿದರು. ಬೆಳಕು ಹರಿಯುತ್ತಲೇ ಗುರುಗಳು ಸ್ಲೇಟಿನ ಬಿಲ್ಲೆಯ ಮೇಲೆ ಕಡ್ಡಿ ತಿಕ್ಕಿ ಹೇಂಟೆಯಂತೆ ಮೆಲ್ಲಗೆ ದನಿ ಮಾಡಿದರು. ಬಳಪ ಹಿಡಿದ ಕಾಲದ ನಮಗೆ ಆ ಸದ್ದು ಪರಿಚಿತವೇ. ಒಂದೊಂದಾಗಿ ಭಾರವಾದ ರೆಕ್ಕೆಗಳು ಬಡಿದವು, ಹಕ್ಕಿಗಳು ನೆಲಕ್ಕಿಳಿದವು. ಹುಂಜ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಅಳಿಯಂದಿರಿಂದ ಮೂವತ್ತು ಹೆಜ್ಜೆಯೊಳಗೆ ಬಂದು ನಿಂತಿತು. ಗಡ್ಡ ನಮಗೂ ಕಂಡಿತು. ಕೋವಿ ಮೊಣಕಾಲ ಮೇಲೆ ಸಿದ್ಧವಾಗಿಯೇ ಇತ್ತು. ಆದರೆ ಎರಡು ಹೇಂಟೆಗಳು ಹುಂಜಕ್ಕೆ ಒತ್ತಿಕೊಂಡೇ ಮೇಯುತ್ತಿದ್ದವು. ಸಣ್ಣ ಗುಂಡುಗಳು ಚೆದರಿದರೆ ಅವಕ್ಕೂ ತಗಲುವಂತಿತ್ತು. ಅಳಿಯಂದಿರು ಕಾದರು. ನಾವು ಉಸಿರು ಬಿಗಿಹಿಡಿದೆವು. ಹೇಂಟೆಗಳು ಬೇರೆಯಾಗಲೇ ಇಲ್ಲ. ಹುಂಜವೂ ಅವುಗಳ ಹಿಂದೆಯೇ ಹಳ್ಳಕ್ಕಿಳಿದು ಮರೆಯಾಯಿತು.

ಬರಿಗೈಯಲ್ಲಿ ಹಿಂದಿರುಗುವಾಗ ಜಮೀನಿನ ಒಡೆಯರು ಎದುರಾದರು. ನಡೆದದ್ದನ್ನು ಗುರುಗಳು ಹೇಳಿದರು. ಅವರು ಅಳಿಯಂದಿರ ಕೈ ಕುಲುಕಿ, “ಮುಂದಿನ ಸಲ ಹಳ್ಳದ ಆ ಬದಿಗೆ ಕೂತು ನೋಡು. ನನ್ನನ್ನು ಕೇಳಬೇಕಾಗಿಲ್ಲ, ಬಾ” ಎಂದರು. ಅಳಿಯಂದಿರ ಮುಖ ಅರಳಿದ್ದು ಆಗ. ಆ ನೆಲದಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಇಂಥ ಮಾತೊಂದು ಹೊಸದೆಂದು ನಮಗೆ ತೋರಿತು.

ಈ ಹಕ್ಕಿಯ ಕಥೆಯೂ ನೆಲೆ ತಪ್ಪಿ ನೆಲೆ ಕಂಡವರ ಕಥೆಯೇ. ಕಾಡು ಕಡಿದದ್ದರಿಂದ, ಮಾರಾಟಕ್ಕೆಂದು ಮಿತಿಯಿಲ್ಲದೆ ಕೊಂದದ್ದರಿಂದ ೨೦ನೆಯ ಶತಮಾನದ ಆರಂಭದಲ್ಲಿ ಅದು ಎಷ್ಟೋ ರಾಜ್ಯಗಳಲ್ಲಿ ಇಲ್ಲವಾಗಿತ್ತು. ೧೯೩೭ರ ಕಾನೂನು ಬಂದೂಕು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. ಸಾಕಿ ಬಿಟ್ಟ ಹಕ್ಕಿಗಳು ಬದುಕಲಿಲ್ಲ; ಕಾಡಿನವನ್ನೇ ಬಲೆಯಲ್ಲಿ ಹಿಡಿದು ಹೊಸ ಕಾಡಿಗೆ ಒಯ್ದು ಬಿಟ್ಟಾಗ ಅವು ನೆಲೆಯೂರಿದವು. ಇಂದು ಅವು ಲಕ್ಷಗಟ್ಟಲೆ. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇರೆ ದಾರಿ ಹಿಡಿಯಿತು. ಕೂತ ಮರಕ್ಕೇ ಟಾರ್ಚು ಬಿಟ್ಟು ಕೋಳಿ ಹೊಡೆಯುವವರನ್ನು ಕಂಡವರಿಗೆ ಅದರ ಅಗತ್ಯ ಗೊತ್ತು.

ಮನೆಯಲ್ಲಿ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಕೋಳಿಯ ವಿಷಯ ಕೇಳಲಿಲ್ಲ. ಒಡೆಯರು ಏನೆಂದರೆಂಬುದನ್ನು ಮಾತ್ರ ಎರಡು ಸಲ ಹೇಳಿಸಿಕೊಂಡಳು. ಮುಂದಿನ ಶನಿವಾರ ಬೆಳಗಿನ ಜಾವ ನಾವು ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮೂವರಿಗಾಗುವಷ್ಟು ಅಕ್ಕಿರೊಟ್ಟಿಯ ಬುತ್ತಿ ಸಿದ್ಧವಾಗಿತ್ತು: ಅಳಿಯಂದಿರಿಗೆ, ಗುರುಗಳಿಗೆ, ಮತ್ತೆ ಆ ಜಮೀನಿನ ಒಡೆಯರಿಗೆ.