ಕೊನೆಯ ಗರಿ

ಹೋದ ವರ್ಷದ ಬೇಸಿಗೆಯಲ್ಲಿ ಮಗಳ ಒತ್ತಾಯಕ್ಕೆ ಮಣಿದು ನಾವು ಅಮೆರಿಕೆಯ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಮೂರು ತಿಂಗಳು ಇದ್ದು ಬಂದೆವು. ಅಲ್ಲಿಂದ ಬಂದವರು ಸಾಮಾನ್ಯವಾಗಿ ಅಲ್ಲಿಯ ರಸ್ತೆ, ಸೇತುವೆ, ಜಲಪಾತಗಳ ವರ್ಣನೆ ಮಾಡುವುದು ವಾಡಿಕೆ. ನಾವು ಹೇಳಹೊರಟಿರುವುದು ಒಂದು ಗಾಜಿನ ಗೋಲಿಯ ವಿಷಯ. ಅರವತ್ತು ದಾಟಿದ ಮುದುಕರಿಗೆ ಇದೆಂತಹ ಹುಡುಗಾಟವೆಂದು ಓದುಗರು ನಗಬಾರದು. ಆ ಗೋಲಿಯು ಒಂದು ಮನೆಯ ನೆಮ್ಮದಿಯನ್ನು ಕೆಲವು ದಿನ ಕದಡಿತ್ತು, ನಮ್ಮ ಪಾಂಡಿತ್ಯದ ಹಮ್ಮನ್ನೂ ಒಂದಿಷ್ಟು ಇಳಿಸಿತು.

ನಾವು ಅಲ್ಲಿಗೆ ಹೋದ ಎರಡನೆಯ ವಾರ. ರಾತ್ರಿ ಊಟವಾದ ಮೇಲೆ ಅಳಿಯಂದಿರು ಒಂದು ಮರದ ಪೆಟ್ಟಿಗೆಯನ್ನು ತಂದು ನಮ್ಮ ಮುಂದಿಟ್ಟರು. ಅದರೊಳಗೆ ಹಿತ್ತಾಳೆಯ ಪುಟ್ಟ ಪೀಠದ ಮೇಲೆ ಅಂಟಿಸಿದ್ದ ಗಾಜಿನ ಗೋಲಿ. ನಾವು ಬಾಲ್ಯದಲ್ಲಿ ಆಡಿದ ಗೋಲಿಗಳು ನೆಲ್ಲಿಕಾಯಿಗಿಂತ ದೊಡ್ಡವಲ್ಲ. ಒಡೆದ ಗೋಲಿಸೋಡಾ ಬಾಟಲಿಯಿಂದ ಒಂದು ಸಿಕ್ಕಿತೆಂದರೆ ಓಣಿಯಲ್ಲಿ ನಾವೇ ಅರಸರು. ಇದಾದರೋ ದೊಡ್ಡ ನಿಂಬೆಹಣ್ಣಿಗಿಂತ ದಪ್ಪ. ತಿಳಿಗಾಜಿನ ಒಡಲಿನಲ್ಲಿ ಕೆಂಪು, ಬಿಳಿ, ನೀಲಿ ಎಳೆಗಳು ಜಡೆಯಂತೆ ಹೆಣೆದುಕೊಂಡು ಮೇಲಕ್ಕೇರುತ್ತಿದ್ದವು.

“ಮಾವನವರೇ, ಇದು ಜರ್ಮನಿಯ ಲೌಶಾ ಊರಿನದು. ನೂರೈವತ್ತು ವರ್ಷ ಹಳೆಯದು. ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಮಾರಿದರೆ ಕೊಟ್ಟದ್ದರ ನಾಲ್ಕು ಪಟ್ಟು ಬರುತ್ತದಂತೆ” ಎಂದರು.

ಮಗಳು ಮಾತನಾಡದೆ ಎದ್ದು ಒಳಗೆ ಹೋದಳು. ಮರುದಿನ ಅಡಿಗೆಮನೆಯಲ್ಲಿ ಅವಳಿಂದಲೇ ವಿಷಯ ತಿಳಿಯಿತು. ಗೋಲಿಗೆ ಕೊಟ್ಟ ಬೆಲೆ ಒಂದು ಸಾವಿರದ ನಾಲ್ಕುನೂರು ಡಾಲರು. ಗದಗಿನ ಕಡೆಯ ಹಳ್ಳಿಯಲ್ಲಿ ಒಬ್ಬರೇ ಇರುವ ಅಳಿಯಂದಿರ ತಾಯಿಯವರನ್ನು ನೋಡಿ ಬರಲೆಂದು ವಿಮಾನದ ಟಿಕೆಟ್ಟಿಗೆ ಕೂಡಿಟ್ಟ ಹಣ ಅದು. ಅಳಿಯಂದಿರು ಕೆಟ್ಟವರಲ್ಲ. ಇದನ್ನು ಮಾರಿ ಬಂದ ಲಾಭದಲ್ಲಿ ತಾಯಿಯವರನ್ನೇ ಅಲ್ಲಿಗೆ ಕರೆಸಿಕೊಳ್ಳಬೇಕೆಂಬುದು ಅವರ ಆಸೆ. ಆದರೆ ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ.

“ಅಪ್ಪಾಜಿ, ನೀವು ಹಳೆಯ ಓಲೆಗಳನ್ನು ನೋಡಿ ಇಂಥವರು ಬರೆದದ್ದು, ಇಂಥ ಕಾಲದ್ದು ಎಂದು ಹೇಳುವವರು. ಇದನ್ನೂ ನೋಡಿ ಹೇಳಿರಿ. ನಿಮ್ಮ ಮಾತನ್ನು ಅವರು ಕೇಳುತ್ತಾರೆ” ಎಂದಳು.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಿಂದಿನ ರಾತ್ರಿ ಗೋಲಿಯನ್ನು ಕಂಡೊಡನೆ ಅದರ ಚೆಲುವಿಗೆ ಮರುಳಾಗಿ “ಹೌದು, ಬಹು ಪ್ರಾಚೀನವಾದುದೇ ಸರಿ” ಎಂದು ನಾವೂ ತಲೆದೂಗಿದ್ದೆವು. ಅಳಿಯಂದಿರ ಮುಖ ಅರಳಿತ್ತು. ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟ ಮೇಲೆ ಅಭ್ಯಾಸಕ್ಕೆ ತೊಡಗಿದಂತಾಯಿತು. ಊರಿನ ಗ್ರಂಥಾಲಯದಿಂದ ಮೊಮ್ಮಗ ನಮಗಾಗಿ ಪುಸ್ತಕಗಳನ್ನು ಹೊತ್ತು ತಂದ.

ಓದುತ್ತ ಹೋದಂತೆ ಗೋಲಿಗೂ ಇಷ್ಟು ದೊಡ್ಡ ಇತಿಹಾಸವಿದೆಯೆಂದು ಬೆರಗಾಯಿತು. ಲೌಶಾ ಎಂಬುದು ಜರ್ಮನಿಯ ತುರಿಂಗಿಯಾ ಪ್ರಾಂತದ ಬೆಟ್ಟಗಳ ನಡುವಣ ಊರು. 1597ರಲ್ಲಿ ಹಾನ್ಸ್ ಗ್ರೈನರ್ ಮತ್ತು ಕ್ರಿಸ್ಟೋಫ್ ಮ್ಯೂಲರ್ ಎಂಬಿಬ್ಬರು ಅಲ್ಲಿ ಗಾಜಿನ ಕುಲುಮೆ ಹೂಡಿದರು. 1840ರ ದಶಕದಲ್ಲಿ ಆ ಊರಿನ ಗಾಜುಗಾರರು ಗೋಲಿ ಮಾಡಲೆಂದೇ ಒಂದು ಬಗೆಯ ಕತ್ತರಿಯನ್ನು ಕಂಡುಹಿಡಿದರು. ಬಣ್ಣದ ಗಾಜಿನ ಎಳೆಗಳನ್ನು ತಿಳಿಗಾಜಿನೊಳಗೆ ಜೋಡಿಸಿ, ಕಾಯಿಸಿ, ತಿರುಚುತ್ತ ಉದ್ದಕ್ಕೆ ಎಳೆದರೆ ಕಬ್ಬಿನ ಜಲ್ಲೆಯಂತಹ ಕೋಲಾಗುವುದು. ಅದರ ತುದಿಯನ್ನು ಕತ್ತರಿಯ ಬಟ್ಟಲಿನಂತಹ ಬಾಯಲ್ಲಿ ಹಿಡಿದು ಉರುಟಾಗಿಸಿ ಕತ್ತರಿಸುವರು. ಹೀಗಾಗಿ ಕೈಯಿಂದ ಮಾಡಿದ ಹಳೆಯ ಗೋಲಿಗೆ ಸಾಧಾರಣವಾಗಿ ಎರಡು ತುದಿಗಳಲ್ಲಿಯೂ ಕತ್ತರಿಸಿದ ಗಾಯದ ಕಲೆ ಉಳಿಯುತ್ತದೆ. ಮಗುವಿನ ಹೊಕ್ಕುಳಿನಂತೆ ಅದು ಹುಟ್ಟಿನ ಗುರುತು.

ಆಕ್ರನ್ ನಗರಕ್ಕೂ ಗೋಲಿಗೂ ಹಳೆಯ ನಂಟಿದೆ. 1884ರಲ್ಲಿ ಸ್ಯಾಮ್ಯುಯೆಲ್ ಡೈಕ್ ಎಂಬವರು ಅಲ್ಲಿ ಮಣ್ಣಿನ ಗೋಲಿಗಳನ್ನು ರಾಶಿ ರಾಶಿಯಾಗಿ ತಯಾರಿಸತೊಡಗಿದರು. ಅದೇ ಊರಿನ ಮಾರ್ಟಿನ್ ಕ್ರಿಸ್ಟೆನ್ಸನ್ ಅವರು ಗಾಜಿನ ಗೋಲಿ ಮಾಡುವ ಯಂತ್ರಕ್ಕೆ 1905ರಲ್ಲಿ ಹಕ್ಕುಪತ್ರ ಪಡೆದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಹತ್ತಿಕೊಂಡು ಜರ್ಮನಿಯ ಗೋಲಿಗಳು ಬರುವುದು ನಿಂತಾಗ ಅಮೆರಿಕೆಯ ಯಂತ್ರಗಳೇ ಮೇಲುಗೈ ಪಡೆದವು. ಉರುಳೆಗಳ ನಡುವೆ ಹೊರಳಿ ರೂಪುಗೊಂಡ ಯಂತ್ರದ ಗೋಲಿಗೆ ಕತ್ತರಿಯ ಗಾಯವಿರುವುದಿಲ್ಲ. ಆ ಯಂತ್ರಗಳಿಂದ ಬಂದವು ಹೆಚ್ಚಾಗಿ ಮಕ್ಕಳ ಬೆರಳಿಗೆ ಒಪ್ಪುವ ಚಿಕ್ಕ ಗೋಲಿಗಳು.

ಈ ತಿಳಿವಳಿಕೆಯ ಬೆಳಕಿನಲ್ಲಿ ಗೋಲಿಯನ್ನು ಮತ್ತೆ ನೋಡಿದೆವು. ಭೂತಗನ್ನಡಿ ಹಿಡಿದು ಎಷ್ಟು ಹುಡುಕಿದರೂ ಮೇಲ್ತುದಿಯಲ್ಲಿ ಗಾಯದ ಕಲೆ ಕಾಣಲಿಲ್ಲ. ಕಲೆಯನ್ನು ಉಜ್ಜಿ ನಯಗೊಳಿಸುವುದೂ ಉಂಟಾದುದರಿಂದ ಅಷ್ಟರಿಂದಲೇ ಏನನ್ನೂ ಹೇಳಲಾಗದು. ಕೆಳತುದಿ ಪೀಠದೊಳಗೆ ಅಡಗಿತ್ತು.

ಆಗ ನಮಗೆ ಮಠದ ದಿನಗಳು ನೆನಪಾದವು. ಇಪ್ಪತ್ತರ ಹರೆಯದಲ್ಲಿ ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ತಾಳೆಯೋಲೆಯ ಕಟ್ಟು ಕೈಗೆ ಬಂತು. ಅದರ ಅಕ್ಷರದ ಮೋಡಿಗೆ ಸೋತು, ಇದು ಮುನ್ನೂರು ವರ್ಷ ಹಿಂದಿನ ಪ್ರತಿಯೆಂದು ನಾಲ್ಕು ಪುಟದ ಲೇಖನವನ್ನೇ ಬರೆದು ಗುರುಗಳ ಮುಂದಿಟ್ಟೆವು. ಗುರುಗಳು ಲೇಖನವನ್ನು ಮುಟ್ಟಲಿಲ್ಲ. ಕಟ್ಟನ್ನು ಬಿಚ್ಚಿ, ಕೊನೆಯ ಗರಿಯನ್ನು ತೆಗೆದು, ಅದಕ್ಕೆ ಕಾಡಿಗೆ ಸವರಿ ಒರೆಸಿದರು. ಕಂಟದಿಂದ ಕೊರೆದ ಸಣ್ಣ ಅಕ್ಷರಗಳು ಎದ್ದು ಕಂಡವು. ಪ್ರತಿ ಮಾಡಿದವನ ಹೆಸರು, ಊರು, ತಿಥಿ ಎಲ್ಲವೂ ಅಲ್ಲಿದ್ದವು. ಅದು ನೂರು ವರ್ಷವೂ ಆಗಿರದ ಪ್ರತಿ! “ನೀನು ನೋಡಿದ್ದು ನಿನಗೆ ಬೇಕಾದದ್ದನ್ನು. ಮೊದಲು ಕೊನೆಯ ಗರಿಯನ್ನು ನೋಡಬೇಕಪ್ಪಾ” ಎಂದಷ್ಟೇ ಹೇಳಿದರು. ಗೋಲಿಯ ಕೊನೆಯ ಗರಿ ಆ ಪೀಠದ ಕೆಳಗಿದೆ ಎಂದು ನಮಗೆ ಅನಿಸಿತು.

ಪೀಠದಿಂದ ಬಿಡಿಸೋಣವೆಂದಾಗ ಅಳಿಯಂದಿರು ಒಪ್ಪಲಿಲ್ಲ. ಬೆಲೆ ಕೆಡುತ್ತದೆ, ಗಾಜು ಸೀಳಬಹುದು ಎಂದರು. ಅವರ ದನಿಯಲ್ಲಿ ಭಯವಿತ್ತು. ಅದು ಗೋಲಿ ಒಡೆದೀತೆಂಬ ಭಯವೊಂದೇ ಅಲ್ಲವೆಂದು ನಮಗೆ ತಿಳಿಯಿತು. ನಾವು ಬಲವಂತ ಮಾಡಲಿಲ್ಲ. ಎರಡು ದಿನ ಕಳೆದ ಮೇಲೆ ಅವರೇ ಬಂದು “ಆಗಲಿ, ನೋಡಿಯೇ ಬಿಡೋಣ ಮಾವನವರೇ. ರಾತ್ರಿ ನಿದ್ದೆ ಬರುತ್ತಿಲ್ಲ” ಎಂದರು.

ಉಗುರುಬೆಚ್ಚಗಿನ ನೀರಿನಲ್ಲಿ ಬಹಳ ಹೊತ್ತು ನೆನೆಯಿಟ್ಟ ಮೇಲೆ ಅಂಟು ಮೆತ್ತಗಾಗಿ ಪೀಠ ಕಳಚಿತು. ಅಳಿಯಂದಿರು ಎಂಜಿನಿಯರರು. ಮೊದಲು ತೂಕ ನೋಡೋಣವೆಂದು ಅವರೇ ಮುಂದಾದರು. ಅಳತೆಗೋಲಿನಲ್ಲಿ ಗೋಲಿಯ ಅಡ್ಡಗಲ 62 ಮಿಲಿಮೀಟರು. ಅಡಿಗೆಮನೆಯ ತಕ್ಕಡಿಯಲ್ಲಿ ತೂಕ 279 ಗ್ರಾಂ. ಬಳಿಕ ತಕ್ಕಡಿಯ ಮೇಲೆ ನೀರಿನ ಪಾತ್ರೆಯನ್ನಿಟ್ಟು ಮುಳ್ಳನ್ನು ಸೊನ್ನೆಗೆ ತಂದು, ಗೋಲಿಯನ್ನು ದಾರದ ಬಲೆಯಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದರು. ತಕ್ಕಡಿ 125 ಗ್ರಾಂ ತೋರಿಸಿತು. ಗೋಲಿಯು ಸರಿಸಿದ ನೀರಿನ ತೂಕ ಅದು. ಹೀಗೆ 279ನ್ನು 125ರಿಂದ ಭಾಗಿಸಿದರೆ ಬರುವುದು 2.23. ಅಂದರೆ ಗೋಲಿಯು ತನ್ನಷ್ಟೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ.

ಅಳಿಯಂದಿರು ಕಾಗದದ ಮೇಲಿನ ಆ ಸಂಖ್ಯೆಯನ್ನೇ ನೋಡುತ್ತ ಕುಳಿತರು. ಕಿಟಕಿ, ಬಾಟಲಿಗಳ ಸಾಮಾನ್ಯ ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಳೆಯ ಗೋಲಿಗಳ ಗಾಜೂ ಅದೇ ಜಾತಿಯದು. ಆ ಲೆಕ್ಕದಲ್ಲಿ ಇದು ಮುನ್ನೂರು ಗ್ರಾಂ ಮೀರಿ ತೂಗಬೇಕಿತ್ತು. 2.23 ಎಂಬುದು ಬೋರೋಸಿಲಿಕೇಟ್ ಗಾಜಿನ ಲಕ್ಷಣ. ಬಿಸಿಯೇರಿದರೂ ಸುಲಭವಾಗಿ ಸೀಳದ, ಪ್ರಯೋಗಶಾಲೆಯ ಪಾತ್ರೆಗಳಿಗೆ ಬಳಸುವ ಗಾಜು ಅದು. ಓಟೋ ಶಾಟ್ ಎಂಬ ವಿಜ್ಞಾನಿ ಇದನ್ನು ಯೇನಾ ನಗರದಲ್ಲಿ ರೂಪಿಸಿದ್ದೇ 1880ರ ದಶಕದಲ್ಲಿ. ಗೋಲಿ ಮಾಡುವ ಕಲಾವಿದರು ಅನಿಲದ ಜ್ವಾಲೆಯೆದುರು ಕುಳಿತು, ಬಣ್ಣ ಬಣ್ಣದ ಬೋರೋಸಿಲಿಕೇಟ್ ಕಡ್ಡಿಗಳನ್ನು ಕರಗಿಸಿ ಇಂತಹ ದೊಡ್ಡ ಗೋಲಿಗಳನ್ನು ಮಾಡುವ ರೂಢಿ ಬೆಳೆದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ. ನೂರೈವತ್ತು ವರ್ಷದ ಮಾತು ಅಲ್ಲಿಗೆ ಮುಗಿಯಿತು.

“ಹಾಗಾದರೆ ಇದನ್ನು ಮಾಡಿದವರು ಯಾರು ಅಜ್ಜಾ?” ಎಂದು ಮೊಮ್ಮಗ ಕೇಳಿದ. ದೊಡ್ಡವರ ತಲೆಯಲ್ಲಿ ಬೆಲೆಯ ಚಿಂತೆ ಸುತ್ತುತ್ತಿದ್ದಾಗ ಸರಿಯಾದ ಪ್ರಶ್ನೆಯನ್ನು ಕೇಳಿದವನು ಆ ಹತ್ತು ವರ್ಷದ ಬಾಲಕ.

ಅಂಟು ಹೋದ ಜಾಗದಲ್ಲಿ ಬೆರಳಾಡಿಸಿದಾಗ ಉಗುರಿಗೆ ಏನೋ ಸಣ್ಣಗೆ ತಡೆಯಿತು. ಮಗಳನ್ನು ಕರೆದು ಅವಳ ಕಾಡಿಗೆಯನ್ನು ತರಿಸಿದೆವು. ಬೆರಳ ತುದಿಯಿಂದ ಸವರಿ, ಒಣಬಟ್ಟೆಯಲ್ಲಿ ಮೆಲ್ಲನೆ ಒರೆಸಿದೆವು. ಎರಡು ಇಂಗ್ಲಿಷ್ ಅಕ್ಷರಗಳು, ಅವುಗಳ ಪಕ್ಕದಲ್ಲಿ 98 ಎಂಬ ಅಂಕಿ ಕಪ್ಪಾಗಿ ಮೂಡಿದವು. ವಚನಕ್ಕೆ ಅಂಕಿತವಿದ್ದಂತೆ ಗೋಲಿಗೂ ಅಂಕಿತವಿತ್ತು! ಮೊಮ್ಮಗ ಚಪ್ಪಾಳೆ ತಟ್ಟಿದ. ಅಳಿಯಂದಿರು ಎದ್ದು ಹೊರಗೆ ಹೋದರು.

ಆ ರಾತ್ರಿ ನಾವು ಅವರ ಬಳಿ ಹೋಗಿ ಕುಳಿತೆವು. “ಮೊದಲ ದಿನ ತಲೆದೂಗಿದ ತಪ್ಪು ನಮ್ಮದು. ನಿಮ್ಮ ಆಸೆಗೆ ನಾವೂ ನೀರೆರೆದೆವು. ಮನ್ನಿಸಬೇಕು” ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ತಪ್ಪು ನನ್ನದೇ ಮಾವನವರೇ. ಅವ್ವನ ಟಿಕೆಟ್ಟಿನ ಹಣ ಅದು” ಎಂದರು. ಬಾಗಿಲ ಬಳಿ ನಿಂತಿದ್ದ ಮಗಳು ಅದನ್ನು ಕೇಳಿದಳು. ಅವಳು ಆಡಬೇಕೆಂದಿದ್ದ ಮಾತುಗಳು ಬಹಳ ಇದ್ದವು, ಒಂದನ್ನೂ ಆಡಲಿಲ್ಲ. ಒಳಗೆ ಹೋಗಿ ಹಾಲು ಕಾಯಿಸಿ ತಂದುಕೊಟ್ಟಳು.

ಅಳಿಯಂದಿರು ಮತ್ತೆ ಆ ಸಂತೆಗೆ ಹೋದಾಗ ಮಾರಿದವನು ಸಿಗಲಿಲ್ಲ. ಅವನಿಗೆ ನಿಜ ತಿಳಿದಿತ್ತೋ, ಅವನೂ ಇನ್ನಾರದೋ ಮಾತು ನಂಬಿದ್ದನೋ, ಹೇಳುವಂತಿಲ್ಲ. ಹಣ ಹೋದದ್ದು ಹೋಯಿತು. ಆದರೆ ಮೊಮ್ಮಗ ಪಟ್ಟು ಬಿಡಲಿಲ್ಲ. ಗೋಲಿ ಕಲಾವಿದರ ಸಹಿಗಳನ್ನು ಪುಸ್ತಕಗಳಲ್ಲಿಯೂ ಕಂಪ್ಯೂಟರಿನಲ್ಲಿಯೂ ತಂದೆಯೊಡನೆ ಕುಳಿತು ಹುಡುಕಿ, ಆ ಎರಡಕ್ಷರದ ಒಡೆಯರನ್ನು ಪತ್ತೆ ಹಚ್ಚಿಯೇ ಬಿಟ್ಟ. ಚಿತ್ರದೊಡನೆ ಪತ್ರ ಬರೆದ. ಮೂರು ವಾರಕ್ಕೆ ಉತ್ತರ ಬಂತು. ಅವರೀಗ ಕೈ ನಡುಗುವುದರಿಂದ ಜ್ವಾಲೆಯ ಕೆಲಸ ಬಿಟ್ಟ ವೃದ್ಧರು. ಆ ಗೋಲಿಯನ್ನು 1998ರಲ್ಲಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮಾಡಿದ್ದರಂತೆ. ಮೊದಲೆರಡು ಆರುವಾಗ ಸೀಳಿಹೋಗಿ ಮೂರನೆಯದು ಉಳಿಯಿತಂತೆ. ಜಾತ್ರೆಯಲ್ಲಿ ತೊಂಬತ್ತು ಡಾಲರಿಗೆ ಮಾರಿದ್ದರು. ಅದು ಇನ್ನೂ ಒಡೆಯದೆ ಇದೆ, ಒಂದು ಮಗು ಅದನ್ನು ನೋಡುತ್ತಿದೆ ಎಂದು ತಿಳಿದು ಆನಂದವಾಯಿತೆಂದು ಬರೆದಿದ್ದರು. ಅಳಿಯಂದಿರು ಆ ಪತ್ರವನ್ನು ಎರಡು ಸಲ ಓದಿದರು.

ಬಂಧುಗಳೇ, ನಾವು ಒಂದು ಮಾತನ್ನು ಯೋಚಿಸುತ್ತೇವೆ. ಆ ಗೋಲಿ ಯಾರಿಗೂ ಸುಳ್ಳು ಹೇಳಿರಲಿಲ್ಲ. ತನ್ನ ಒಡೆಯನ ಗುರುತನ್ನೂ ವರ್ಷವನ್ನೂ ಮೈಮೇಲೆಯೇ ಹೊತ್ತಿತ್ತು. ಅದನ್ನು ಪೀಠದ ಮೇಲೆ ಕೂರಿಸಿ, ಗುರುತು ಮುಚ್ಚಿ, ಇಲ್ಲದ ಹಿರಿತನವನ್ನು ಹೊರಿಸಿದವರು ಮನುಷ್ಯರು. ಮನೆಗೆ ಏನನ್ನಾದರೂ ತರುವ ಮುನ್ನ, ಅದು ವಸ್ತುವಾಗಲಿ ಸಂಬಂಧವಾಗಲಿ, ಪೀಠವನ್ನು ಕಳಚಿ ಕೆಳಗೆ ನೋಡುವ ಧೈರ್ಯ ನಮಗಿರಬೇಕು. ಕೈಹಿಡಿದವಳಿಗೆ ಒಂದು ಮಾತು ಹೇಳುವ ಸೌಜನ್ಯವಂತೂ ಅದಕ್ಕಿಂತ ಮೊದಲೇ ಇರಬೇಕು.

ನಾವು ಹೊರಡುವ ದಿನ ಅಳಿಯಂದಿರು ದೀಪಾವಳಿಗೆ ಊರಿಗೆ ಬರುವ ಟಿಕೆಟ್ಟು ತೋರಿಸಿದರು. ಮಗಳೂ ತಾನು ಉಳಿಸಿಟ್ಟದ್ದನ್ನು ಸೇರಿಸಿದ್ದಳು. ಹಬ್ಬಕ್ಕೆ ಅವರು ಬಂದು ತಾಯಿಯವರ ಬಳಿ ಹದಿನೈದು ದಿನ ಇದ್ದು ಹೋದರು. ಮೊಮ್ಮಗ ಗೋಲಿಯನ್ನು ಕಾಲುಚೀಲದೊಳಗೆ ಸುತ್ತಿ ತಂದು ಆ ಅಜ್ಜಿಯ ಕೈಗಿಟ್ಟನಂತೆ. ಅವರು ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿ, ಬೆಲೆಯನ್ನು ಕೇಳದೆ, “ಯಾರ ಕೈಯಪ್ಪಾ ಇದನ್ನು ಮಾಡಿದ್ದು?” ಎಂದು ಕೇಳಿದರಂತೆ. ಮೊಮ್ಮಗ ಹೆಸರು ಹೇಳಿದನಂತೆ.