ಒಳಪೆಡಲಿನಿಂದ ಅಜ್ಜಿ ಗೇರಿನವರೆಗೆ

"ಸಾರ್, ನಿನ್ನೆ ಎಂಡೋ ಹೊಡೆದೆ" ಎಂದ ಒಂಬತ್ತನೇ ತರಗತಿಯ ಹುಡುಗ. ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದ. ಬೆಂಗಳೂರಿನ ಸೋದರಮಾವ ಕೊಡಿಸಿದ ಗೇರ್ ಸೈಕಲ್ಲು. ಉಚ್ಚಂಗಿದುರ್ಗದ ಕಡೆ ಇಳಿಜಾರಿನಲ್ಲಿ ಗಾಬರಿಯಾಗಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದನಂತೆ. ಹಿಂದಿನ ಗಾಲಿ ಮೇಲೆದ್ದು ಸವಾರ ಹ್ಯಾಂಡಲ್ ದಾಟಿ ಬಿದ್ದರೆ ಅದಕ್ಕೆ 'ಎಂಡೋ' ಎನ್ನುತ್ತಾರಂತೆ. ಬಿದ್ದದ್ದಕ್ಕೂ ಒಂದು ಹೆಸರೇ ಎಂದು ನನಗೆ ನಗು ಬಂತು. ಹಿಂದೆಯೇ ಬಂದ ಅವನ ತಂದೆಯ ಮುಖ ನೋಡಿ ನುಂಗಿಕೊಂಡೆ.

"ಸೈಕಲ್ ಮಾರಿಬಿಡ್ತೀನ್ರಿ ಸಾರ್. ನೀವೂ ಒಂದು ಮಾತು ಬುದ್ಧಿ ಹೇಳ್ರಿ."

ಹೇಳಲು ಬಾಯಿ ಬರಲಿಲ್ಲ. 1980ರ ಸುಮಾರಿಗೆ ನಾನೂ ಇದೇ ಹರಪನಹಳ್ಳಿಯಲ್ಲಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಕಲಿತವನು. ಕಾಲು ಎಟುಕದ ಎತ್ತರದ ಸೈಕಲ್ಲು. ಬಾರಿನ ಕೆಳಗೆ ಬಲಗಾಲು ತೂರಿಸಿ, ಮೈಯನ್ನು ಒಂದು ಕಡೆ ವಾಲಿಸಿ ತುಳಿಯುವುದು ಒಳಪೆಡಲು. ಅದು ಬಂದಮೇಲೆ ಬಾರು, ಕೊನೆಗೆ ಸೀಟು. ಸೀಟಿಗೇರಿದವನಿಗೆ ಬಡ್ತಿ ಸಿಕ್ಕಂತೆ! ಡಬ್ಬಲ್, ತ್ರಿಬ್ಬಲ್, ಗಾಲಿ ಬೆಂಡ್ ಇವೆಲ್ಲ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಒಮ್ಮೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡೆ. ಅಪ್ಪ ಎರಡು ವರ್ಷ ಸೈಕಲ್ ಮುಟ್ಟಗೊಡಲಿಲ್ಲ. ಗೆಳೆಯರು ಕೆರೆ ಏರಿಯ ಮೇಲೆ ಬೆಲ್ ಬಾರಿಸುತ್ತ ಹೋಗುವಾಗ ನಾನು ನಡೆದೇ ಹೋಗುತ್ತಿದ್ದೆ. ಹಲ್ಲಿನ ನೋವು ಮರೆತಿದ್ದೇನೆ, ಆ ಬೆಲ್ಲಿನ ಸದ್ದು ಮರೆತಿಲ್ಲ.

"ಮಾರುವ ಮುಂಚೆ ಒಂದು ದಿನ ಸೈಕಲ್ಲನ್ನು ಶಾಲೆಗೆ ತರಲಿ" ಎಂದೆ.

ತಂದ. ಆ ದಿನ ಪಾಠ ಮಾಡಿದವನು ಅವನೇ. ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡ ಚಕ್ರ ಸೇರಿಸಿದರೆ ಅದು ಅಜ್ಜಿ ಗೇರು, ಅಜ್ಜಿಯೂ ಗುಡ್ಡ ಹತ್ತಬಹುದು ಎಂದಾಗ ತರಗತಿಯೆಲ್ಲ ನಕ್ಕಿತು. ಹಲ್ಲುಗಳನ್ನು ಎಣಿಸಿದೆವು: ಮುಂದೆ 22, ಹಿಂದೆ 34. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿ ಮುಕ್ಕಾಲು ಸುತ್ತೂ ತಿರುಗದು. ನಮ್ಮ ಹಳೆಯ ಸೈಕಲ್ಲಿನಲ್ಲಿ ಅದು ಎರಡು ಸುತ್ತಿಗೂ ಮಿಗಿಲು. ಬಲ ಕಡಿಮೆ ಸಾಕು, ತುಳಿತ ಹೆಚ್ಚು ಬೇಕು. ಸರಳ ಯಂತ್ರಗಳ ಪಾಠವನ್ನು ಇಷ್ಟು ವರ್ಷ ಬರೀ ಸೀಮೆಸುಣ್ಣದಲ್ಲಿ ಮಾಡಿದೆನಲ್ಲ ಎನಿಸಿತು.

ನಾನೂ ನನ್ನ ಪಾಲಿನದೊಂದು ಹೇಳಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿಯ ಗುಡ್ಡದಲ್ಲಿ ಕೆಲವು ಯುವಕರು ಹಳೆಯ ಸೈಕಲ್ಲುಗಳಲ್ಲಿ ಇಳಿಯುವ ಪಂದ್ಯ ಶುರುಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವು. ಘರ್ಷಣೆಯ ಶಾಖಕ್ಕೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಕೆಳಗೆ ಬಂದಮೇಲೆ ಮತ್ತೆ ತುಂಬಬೇಕು. ಅದಕ್ಕೇ ಪಂದ್ಯದ ಹೆಸರು 'ರೀಪ್ಯಾಕ್'. ಇಪ್ಪತ್ತು ವರ್ಷಕ್ಕೆ, 1996ರಲ್ಲಿ, ಗುಡ್ಡದ ಸೈಕಲ್ಲು ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು.

ಸಂಜೆ ತಂದೆಯನ್ನು ಕರೆಸಿ ಮೈದಾನದ ಇಳಿಜಾರಿನಲ್ಲಿ ನಿಂತೆವು. ಮುಂದಿನ ಗಾಲಿ ನಿಂತರೂ ಮೈ ಮುಂದಕ್ಕೇ ಸಾಗುತ್ತದೆ, ಹಿಂದಿನ ಗಾಲಿ ಏಳುವುದು ಅದಕ್ಕೇ. ಮೈಯನ್ನು ಸೀಟಿನ ಹಿಂದಕ್ಕೆ ಸರಿಸಿ, ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿ ಎಂದೆ. ಹೆಲ್ಮೆಟ್ ಇಲ್ಲದೆ ಬೇಡ ಎಂದೂ ಹೇಳಿದೆ, ಪಕ್ಕದ ಮನೆಯವರದು ಎರವಲು ಬಂತು. ಹುಡುಗ ಮೂರು ಸಲ ಇಳಿದ, ಮೂರು ಸಲವೂ ಬೀಳಲಿಲ್ಲ.

ತಂದೆ ಏನೂ ಹೇಳದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಸೈಕಲ್ಲಿನ ಹತ್ತಿರ ಹೋಗಿ, ಪಂಚೆ ಎತ್ತಿ ಕಟ್ಟಿದರು.

"ಆ ಅಜ್ಜಿ ಗೇರು ಯಾವುದೋ? ತೋರಿಸು."