ಮರಳಿನಡಿಯ ಕಾಡು

1983ನೆಯ ಇಸವಿ. ಆಫ್ರಿಕದ ನೈಜರ್ ದೇಶದ ಮರಾಡಿ ಪ್ರಾಂತದಲ್ಲಿ ಸಸಿಗಳನ್ನು ಹೇರಿಕೊಂಡು ಹೊರಟಿದ್ದ ವಾಹನವೊಂದು ನಡುದಾರಿಯಲ್ಲಿ ನಿಂತಿತು. ಮುಂದೆಲ್ಲ ಮರಳು; ಚಕ್ರಗಳ ಗಾಳಿಯನ್ನು ತುಸು ಇಳಿಸದೆ ಸಾಗುವಂತಿರಲಿಲ್ಲ. ಕೆಳಗಿಳಿದವನು ಟೋನಿ ರಿನಾಡೊ ಎಂಬ ಆಸ್ಟ್ರೇಲಿಯದ ಕೃಷಿತಜ್ಞ. ಅದುವರೆಗೆ ಆತ ನೆಡಿಸಿದ ಸಸಿಗಳಲ್ಲಿ ಬಹುಪಾಲು ಒಣಗಿಹೋಗಿದ್ದವು. ಎತ್ತ ನೋಡಿದರೂ ಬೋಳು ಬಯಲು. ಹತಾಶನಾಗಿ ನಿಂತವನ ಕಣ್ಣಿಗೆ ಪೊದೆಯೊಂದು ಬಿದ್ದಿತು. ಸಮೀಪಿಸಿ ಎಲೆಯನ್ನು ಪರೀಕ್ಷಿಸಿದ. ಅದು ಪೊದೆಯಾಗಿರಲಿಲ್ಲ, ಎಂದೋ ಕಡಿದ ಮರದ ಬುಡದಿಂದ ಒಡೆದ ಚಿಗುರುಗಳ ಗುಂಪು! ಅಂಥ ಬುಡಗಳು ಆ ಬಯಲಿನ ತುಂಬ ಇದ್ದವು. ನೆಡಬೇಕೆಂದು ಹೊರಟಿದ್ದ ಕಾಡು ಕಾಲಡಿಯಲ್ಲಿಯೇ ಜೀವ ಹಿಡಿದು ಮಲಗಿತ್ತು.

ಮರಳೆಂಬುದು ಏನನ್ನೂ ಉಳಿಸಿಕೊಳ್ಳಲರಿಯದ ದುಂದುಗಾರ. ನೀರನ್ನೂ ಸಾರವನ್ನೂ ಹಿಡಿದಿಡುವ ಜೇಡಿ, ಕೊಳೆತ ಎಲೆಗೊಬ್ಬರ ಅದರಲ್ಲಿ ಅತ್ಯಲ್ಪ. ಸುರಿದ ಮಳೆ ಕೆಳಗಿಳಿಯುತ್ತದೆ, ಸಾರವೂ ಅದರ ಬೆನ್ನು ಹಿಡಿಯುತ್ತದೆ. ಮಳೆಗಾಲದ ಆರಂಭದ ಬಿರುಗಾಳಿಗೆ ಮರಳು ಎದ್ದು ಸಜ್ಜೆಯ ಎಳೆಪೈರನ್ನು ಹೂತುಬಿಡುತ್ತದೆ. ಒಂದೇ ಹಂಗಾಮಿನಲ್ಲಿ ಎರಡು ಮೂರು ಬಾರಿ ಬಿತ್ತಬೇಕಾದ ಒಕ್ಕಲಿಗನ ಮನೆಯಲ್ಲಿ ಬಿತ್ತನೆಯ ಕಾಳೇ ಊಟದ ಕಾಳು ಎಂಬುದನ್ನು ನೆನೆದರೆ ಆ ನಷ್ಟದ ಆಳ ತಿಳಿದೀತು. ವಾಯುಗುಣ ಬದಲಾಗುತ್ತ ಸೆಕೆ ಏರಿ, ಮಳೆ ಕ್ರಮ ತಪ್ಪಿದಂತೆ ಈ ಸಂಕಟ ಇನ್ನಷ್ಟು ತೀವ್ರವಾಗುತ್ತದೆ.

ಚಿಗುರುಗಳಲ್ಲಿ ನಾಲ್ಕಾರನ್ನು ಉಳಿಸಿ ಮಿಕ್ಕವನ್ನು ಸವರಿದರೆ ಮರವಾಗುತ್ತದೆ. ಉಪಾಯವೇನೋ ಸುಲಭ. ಆದರೆ ಮರವಾದರೆ ಯಾರ ಮರ? ಫ್ರೆಂಚರ ಆಳ್ವಿಕೆಯಿಂದ ಬಂದ ಕಾನೂನಿನಂತೆ ಅದು ಸರಕಾರದ ಸೊತ್ತು. ತನ್ನ ಹೊಲದ ಮರದ ಕೊಂಬೆ ಕಡಿದವನಿಗೂ ದಂಡ ಬೀಳಬಹುದಾಗಿದ್ದ ಮೇಲೆ ಚಿಗುರನ್ನು ಮೊಳಕೆಯಲ್ಲಿಯೇ ಕೀಳುವುದು ಬುದ್ಧಿವಂತಿಕೆ ಎಂದು ರೈತ ಬಗೆದದ್ದರಲ್ಲಿ ತಪ್ಪೇನು? ಕೊನೆಗೆ ಅಲ್ಲಿಯ ಅರಣ್ಯಾಧಿಕಾರಿಗಳು ಕಂಡೂ ಕಾಣದಂತಿರಲು ಒಪ್ಪಿದರು. ಪುಸ್ತಕದ ಕಾನೂನು ಹಾಗೆಯೇ ಉಳಿಯಿತು. ಕೊಡಲಿಯ ಮೇಲಿನ ಹಕ್ಕು ಮಾತ್ರ ರೈತನ ಕೈಗೆ ಬಂದಿತು.

1984ರ ಭೀಕರ ಕ್ಷಾಮದಲ್ಲಿ, ಮರ ಉಳಿಸಿದವರಿಗೆ ಕೂಲಿಯಾಗಿ ಧಾನ್ಯ ದೊರೆಯಿತು. ಧಾನ್ಯ ನಿಂತೊಡನೆ ಹಲವರು ಮರಗಳನ್ನು ಕಡಿದರು. ಕಡಿಯದವರ ಹೊಲಗಳಲ್ಲಿ ಮಾತ್ರ ಗಾಳಿಯ ಹೊಡೆತ ತಗ್ಗಿತ್ತು. ಮನೆಗೆ ಸೌದೆ, ದನಕ್ಕೆ ಮೇವು ಸಿಕ್ಕಿತ್ತು. ಯಾವ ಉಪನ್ಯಾಸವೂ ನೆರೆಯವನ ಹೊಲದಷ್ಟು ಚೆನ್ನಾಗಿ ಪಾಠ ಹೇಳಲಾರದು.

ಅತ್ತ ರಾಜಧಾನಿ ನಿಯಾಮೆಯ ಬಳಿಯ ಸಡೋರೆಯಲ್ಲಿ, ನಮ್ಮ ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಹುಟ್ಟಿದ ಇಕ್ರಿಸ್ಯಾಟ್ ಸಂಸ್ಥೆಯ ಶಾಖೆ ಅದೇ ಮರಳಿನೊಡನೆ ಸೆಣಸುತ್ತಿತ್ತು. ಹೊಲದ ತುಂಬ ಗೊಬ್ಬರ ಚೆಲ್ಲುವಷ್ಟು ಹಣ ಯಾರಲ್ಲಿದೆ? ಮೂರು ಬೆರಳ ಚಿಟಿಕೆಯಷ್ಟನ್ನು, ಇಲ್ಲವೆ ಸೋಡಾ ಬಾಟಲಿಯ ಮುಚ್ಚಳದಲ್ಲಿ ಅಳೆದಷ್ಟನ್ನು ಬಿತ್ತುವ ಗುಳಿಗೇ ಹಾಕಿದರೆ ಸಾಕೆಂಬ ಪದ್ಧತಿ ವಿಜ್ಞಾನಿಗಳ ಪ್ರಯೋಗದಿಂದ ಹೊರಬಂದಿತು. ಬಡವನ ಬೆರಳಿಗೆ ತಕ್ಕ ವಿಜ್ಞಾನ!

ಹೊಲಗಳಲ್ಲಿ ಎದ್ದ ಮರಗಳ ಪೈಕಿ ‘ಗಾವೊ’ ವಿಚಿತ್ರವಾದುದು. ನಮ್ಮ ಜಾಲಿಯ ದೂರದ ನೆಂಟ. ಮಳೆಗಾಲದಲ್ಲಿ ಎಲೆಯುದುರಿಸಿ ಸಜ್ಜೆಗೆ ಬಿಸಿಲು ಬಿಟ್ಟುಕೊಡುತ್ತದೆ. ಬೇಸಗೆಯಲ್ಲಿ ಹಸಿರುಟ್ಟು ದನಗಳಿಗೆ ನೆರಳಾಗುತ್ತದೆ. ಉದುರಿದ ಎಲೆ, ಬಿದ್ದ ಸಗಣಿ, ಬೇರು ಹಿಡಿದಿಟ್ಟ ಸಾರಜನಕ ಇವುಗಳಿಂದ ಆ ದುಂದುಗಾರ ಮರಳೂ ಅದರ ಬುಡದಲ್ಲಿ ಒಂದಿಷ್ಟು ಉಳಿತಾಯ ಕಲಿಯುತ್ತದೆ.

ಸದ್ದಿಲ್ಲದೆ ಹಬ್ಬಿದ ಈ ಹಸಿರು ಬಹುಕಾಲ ಯಾರ ಲೆಕ್ಕಕ್ಕೂ ಬರಲಿಲ್ಲ. ಹೊಸ ಶತಮಾನದ ಮೊದಲ ದಶಕದಲ್ಲಿ ಡಚ್ ಭೂಗೋಳಜ್ಞ ಕ್ರಿಸ್ ರೈ, ಅಮೆರಿಕದ ಗ್ರೇ ಟಪ್ಪನ್, ನೈಜರಿನ ವಿದ್ವಾಂಸರು ಜೊತೆಗೂಡಿದರು; ಹಳೆಯ ವಿಮಾನಚಿತ್ರಗಳನ್ನು ಉಪಗ್ರಹಚಿತ್ರಗಳ ಪಕ್ಕದಲ್ಲಿಟ್ಟರು. ಸುಮಾರು 50 ಲಕ್ಷ ಹೆಕ್ಟೇರುಗಳಲ್ಲಿ ಮರಗಳು ಮರಳಿದ್ದವು. ಎಷ್ಟೋ ಕಡೆ ಹಿಂದಿಗಿಂತ ದಟ್ಟವಾಗಿದ್ದವು.

ಇಷ್ಟೆಲ್ಲಕ್ಕೂ ಬೇಕಾದ ಆಯುಧ ಒಂದು ಹರಿತವಾದ ಕತ್ತಿ. ಬಿತ್ತನೆಗೆ ಹೊಲ ಹಸನುಮಾಡುವಾಗ ರೈತ ಬುಡದ ಬಳಿ ಕೂರುತ್ತಾನೆ. ನೇರವಾಗಿ, ಗಟ್ಟಿಯಾಗಿ ಎದ್ದ ಚಿಗುರುಗಳನ್ನು ಬೆರಳಿನಿಂದ ಒತ್ತಿ ನೋಡಿ ಆರಿಸುತ್ತಾನೆ. ಉಳಿದವನ್ನು ಸವರಿ ಅಲ್ಲೇ ಮರಳಿನ ಮೇಲೆ ಹರಡಿ, ಮುಂದಿನ ಬುಡದ ಕಡೆಗೆ ನಡೆಯುತ್ತಾನೆ.